ನಮ್ಮ ಭಾವನವರ ಜಾಲರಿ ಕಾಫಿ

ನಮ್ಮ ಭಾವ ಕೃಷ್ಣಸ್ವಾಮಿಯವರಿಗೆ ಕಾಫಿಯ ವಿಷಯದಲ್ಲಿ ಎಲ್ಲವೂ ಗೊತ್ತಿತ್ತು, ಮಾಡುವುದೊಂದನ್ನು ಬಿಟ್ಟು.

ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು, ಬೊಜ್ಜು ಬರಿಸಿಕೊಂಡದ್ದು ಎಲ್ಲವೂ ಲಕ್ಷ್ಮೀಪುರಂನ ಒಂದೇ ಮನೆಯಲ್ಲಿ. ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದರು. ಅವರ ತಾತ ಅರಮನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಉಗ್ರಾಣಕ್ಕೆ ಬರುತ್ತಿದ್ದ ಸಾಮಾನಿನಲ್ಲಿ ಕಾಫಿ ಬೀಜದ ಮೂಟೆಗಳೂ ಇರುತ್ತಿದ್ದವಂತೆ. ಮೂಟೆ ಎಣಿಸಿದ್ದು ತಾತ, ನಾಲಿಗೆ ಬಂದದ್ದು ಮೊಮ್ಮಗನಿಗೆ. "ನಮ್ಮದು ಅರಮನೆ ನಾಲಿಗೆ ಕಣಮ್ಮ ಶುಭಾ, ಸುಮ್ಮನೆ ಏನೇನೋ ಇಳಿಯಲ್ಲ" ಎಂದು ನನಗೆ ಅವರು ಎಷ್ಟು ಸಲ ಹೇಳಿದ್ದಾರೋ. ಅರಮನೆಯವರು ಆ ನಾಲಿಗೆಯನ್ನು ಯಾವತ್ತಾದರೂ ಕೇಳಿದ್ದರೇ ಎಂದು ವಿಚಾರಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವರ ಹೆಂಡತಿ ವೇದವತಿ ನನ್ನ ಸ್ವಂತ ಅಕ್ಕ. ಅವಳನ್ನು ನೋಡಲು ಬಂದ ದಿನವೇ ಈ ನಾಲಿಗೆಯ ಪರಿಚಯ ನಮಗಾಗಿತ್ತು. ಅಕ್ಕ ತಂದಿಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ನಮ್ಮಪ್ಪನನ್ನು "ಪುಡಿ ಎಲ್ಲಿ ತರ್ತೀರಿ?" ಎಂದು ಕೇಳಿದರು. ಅಪ್ಪ ಖುಷಿಯಿಂದ ಅಂಗಡಿಯ ಹೆಸರು ಹೇಳಿದರು. ಭಾವ ತಲೆಯಾಡಿಸಿದರು, ಡಾಕ್ಟರು ರೋಗಿಯ ಮಾತು ಕೇಳಿಸಿಕೊಂಡು ತಲೆಯಾಡಿಸುತ್ತಾರಲ್ಲ, ಹಾಗೆ. ಲೋಟವನ್ನು ಮತ್ತೆ ಮುಟ್ಟಲಿಲ್ಲ. ಹುಡುಗ ಬಹಳ ರಸಿಕ ಎಂದುಕೊಂಡು ನಮ್ಮ ಮನೆಯವರು ಹಿಗ್ಗಿದರು. ರಸಿಕತೆಗೂ ಮರ್ಯಾದೆಗೇಡಿತನಕ್ಕೂ ಇರುವ ವ್ಯತ್ಯಾಸ ತಿಳಿಯುವಷ್ಟು ಬುದ್ಧಿ ಆಗ ನಮಗ್ಯಾರಿಗೂ ಇರಲಿಲ್ಲ.

ಆಮೇಲೆ ಮೂವತ್ತು ಚಿಲ್ಲರೆ ವರ್ಷ ಅಕ್ಕ ಬೆಳಗಾದರೆ ಹಿತ್ತಾಳೆ ಫಿಲ್ಟರಿನ ಮುಂದೆ ನಿಂತಳು. ಭಾವ ಪೇಪರು ಹಿಡಿದು ಕೂತರು. ಲೋಟ ಬರುತ್ತಿತ್ತು, ಒಂದು ಗುಟುಕು ಒಳಗೆ ಹೋಗುತ್ತಿತ್ತು, ಪೇಪರಿನ ಹಿಂದಿನಿಂದ ತೀರ್ಪು ಹೊರಬೀಳುತ್ತಿತ್ತು: "ಇವತ್ತು ಸ್ವಲ್ಪ ಕಮ್ಮಿ." ಏನು ಕಮ್ಮಿ ಎಂದು ಹೇಳುತ್ತಿರಲಿಲ್ಲ. ಪುಡಿಯೋ, ಹಾಲೋ, ಬಿಸಿಯೋ, ಸಕ್ಕರೆಯೋ, ಹುಡುಕಿಕೊಳ್ಳುವುದು ಅಕ್ಕನ ಪಾಡು. ಮದುವೆ ಮುಂಜಿಗಳಿಗೆ ಹೋದರೂ ಇದೇ ಕತೆ. ಊಟ ಹೇಗಿದ್ದರೂ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದ ಮನುಷ್ಯ ಕಾಫಿ ಬಂದೊಡನೆ ನ್ಯಾಯಾಧೀಶರಾಗಿಬಿಡುತ್ತಿದ್ದರು. ನಾನು ವಿದ್ಯಾರಣ್ಯಪುರಂನಲ್ಲಿರುವವಳು, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ನಮ್ಮ ಮನೆಗೆ ಭಾವ ಬಂದರೆ ನಾನು ಮಜ್ಜಿಗೆ ಕೊಡುತ್ತಿದ್ದೆ.

ಇಷ್ಟೇ ಆಗಿದ್ದರೆ ಇದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಇಂಥ ಗಂಡಸರು ಮೈಸೂರಿನಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ.

ಅವರ ಮಗ ವಾಗೀಶನಿಗೆ ಹೆಣ್ಣು ಗೊತ್ತಾಯಿತು. ಹುಡುಗಿ ಮಧುಶ್ರೀ, ಅವನು ಕೆಲಸ ಮಾಡುವ ಔಷಧ ಕಂಪನಿಯಲ್ಲೇ ಅವಳಿಗೂ ಕೆಲಸ. ಹುಡುಗಿಯ ಅಪ್ಪ ಅಮ್ಮ ಮಾತುಕತೆಗೆಂದು ಮೊದಲ ಸಲ ಲಕ್ಷ್ಮೀಪುರಂ ಮನೆಗೆ ಬಂದರು. ಅಕ್ಕ ಬೆಳಗಿನಿಂದ ನಿಂತ ಕಾಲಲ್ಲಿ ನಿಂತು ಕೇಸರಿಬಾತು, ಆಂಬೊಡೆ ಮಾಡಿದ್ದಳು. ನಾನೂ ಜೊತೆಗಿದ್ದೆ. ಕೊನೆಗೆ ಕಾಫಿ ಬಂತು. ನಾನೇ ಕುಡಿದಿದ್ದೇನೆ, ನೊರೆ ತುಂಬಿದ, ಘಮಘಮ ಅನ್ನುವ ಕಾಫಿ. ಹುಡುಗಿಯ ಅಪ್ಪ "ಆಹಾ" ಅಂದರು.

ಆ "ಆಹಾ" ಭಾವನಿಗೆ ತಡೆಯಲಾಗಲಿಲ್ಲ ಎಂದು ಕಾಣುತ್ತದೆ. ತಮ್ಮ ಮನೆಯಲ್ಲಿ, ತಮ್ಮ ಎದುರಿಗೆ, ಇನ್ನೊಬ್ಬರು ತೀರ್ಪು ಕೊಡುವುದೇ! ಲೋಟ ಹಿಡಿದು ಎದ್ದರು. ಎಲ್ಲರೂ ನೋಡುತ್ತಿದ್ದ ಹಾಗೆ ಊಟದ ಕೋಣೆಯ ಮೂಲೆಯಲ್ಲಿದ್ದ ಬೇಸಿನ್ನಿಗೆ ಹೋಗಿ ಕಾಫಿಯನ್ನು ಸುರಿದು, ನಲ್ಲಿ ಬಿಟ್ಟು, ಖಾಲಿ ಲೋಟ ಹಿಡಿದುಕೊಂಡು ವಾಪಸು ಬಂದು ಕೂತರು.

"ತಪ್ಪು ತಿಳ್ಕೋಬೇಡಿ" ಎಂದರು ಬೀಗರಿಗೆ, ನಗುತ್ತಾ. "ಇವಳ ಕೈಗೆ ಇನ್ನೂ ಅಭ್ಯಾಸ ಆಗಿಲ್ಲ."

ಹುಡುಗಿಯ ಅಮ್ಮ ನಗಬೇಕೋ ಬೇಡವೋ ತಿಳಿಯದೆ ಸೆರಗು ಸರಿಮಾಡಿಕೊಂಡರು. ವಾಗೀಶ ನೆಲ ನೋಡಿದ. ಅಕ್ಕ ಕೈಯಲ್ಲಿ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬಸ್ಸು ನಿಲ್ಲಿಸದೆ ಹೋದಾಗ ಜನ ಅದರ ಹಿಂಭಾಗವನ್ನೇ ಸ್ವಲ್ಪ ಹೊತ್ತು ನೋಡುತ್ತಾರಲ್ಲ, ಹಾಗೆ ಗಂಡನನ್ನು ನೋಡಿ ಒಳಗೆ ಹೋದಳು.

ಸಂಬಂಧವೇನೋ ಕುದುರಿತು. ಮಧುಶ್ರೀ ಒಳ್ಳೆಯ ಹುಡುಗಿ, ಮಾವನಾಗುವವರನ್ನು ನೋಡಿ ಹುಡುಗನನ್ನು ಬೇಡ ಅನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಭಾವ ಪೇಪರು ಹಿಡಿದು ಕೂತರು. ಲೋಟ ಬರಲಿಲ್ಲ. ಅಡಿಗೆಮನೆಗೆ ಹೋಗಿ ನೋಡಿದರೆ ಅಕ್ಕ ಮಣೆಯ ಮೇಲೆ ಕೂತು ಶುಂಠಿ ಹಾಕಿದ ಟೀ ಕುಡಿಯುತ್ತಿದ್ದಳು. ಆ ಮನೆಯಲ್ಲಿ ಟೀ ಅನ್ನುವುದು ನೆಗಡಿಯಾದವರಿಗೆ ಕೊಡುವ ಔಷಧ.

"ಕಾಫಿ ಎಲ್ಲಿ?"

"ನನ್ನ ಕೈಗೆ ಅಭ್ಯಾಸ ಆಗಿಲ್ಲ ಅಂದ್ರಲ್ಲ. ಈ ವಯಸ್ಸಲ್ಲಿ ಇನ್ನೇನು ಅಭ್ಯಾಸ ಆಗತ್ತೆ? ಬಿಟ್ಬುಟ್ಟೆ ಕಣ್ರೀ."

ಭಾವ ಇದನ್ನು ತಮಾಷೆ ಅಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ತಮಾಷೆಯಲ್ಲ ಎಂದು ಗೊತ್ತಾಯಿತು. ಮಾರನೆಯ ದಿನ ನನಗೆ ಫೋನು ಮಾಡಿ, "ನಿಮ್ಮಕ್ಕನಿಗೆ ಸ್ವಲ್ಪ ಬುದ್ಧಿ ಹೇಳಮ್ಮ" ಎಂದರು. ನಾನು ಬುದ್ಧಿ ಹೇಳಲೆಂದು ಸಂಜೆಯೇ ಹೋದೆ. ಅಕ್ಕನ ಜೊತೆ ಕೂತು ಶುಂಠಿ ಟೀ ಕುಡಿದು ಬಂದೆ. ಚೆನ್ನಾಗಿತ್ತು.

ಮಿಕ್ಕ ಅಡಿಗೆಯೆಲ್ಲ ಅಕ್ಕ ಮೊದಲಿನಂತೆ ಮಾಡುತ್ತಿದ್ದಳು. ಗಂಡನ ಜೊತೆ ಮಾತೂ ಬಿಡಲಿಲ್ಲ. ಕಾಫಿಯೊಂದನ್ನು ತನ್ನ ಜೀವನದಿಂದ ತೆಗೆದಿಟ್ಟಿದ್ದಳು, ಅಷ್ಟೆ. ಬೆಳಗಿನ ಹೊತ್ತು ಮಿಕ್ಕಿತೆಂದು ಪಕ್ಕದ ಬೀದಿಯ ಸುಂದರಮ್ಮನವರ ಜೊತೆ ವಾಕಿಂಗ್ ಹೋಗತೊಡಗಿದಳು.

ಭಾವ ಹೋಟೆಲುಗಳನ್ನು ಹಿಡಿದರು. ಬೀದಿ ಕೊನೆಯ ಹೋಟೆಲಿನಲ್ಲಿ ಮಾಣಿಯ ಜೊತೆ ಜಗಳವಾಯಿತು. ಅದರಾಚೆಯದರಲ್ಲಿ ಮಾಲೀಕರೇ ಬಂದು, "ಸ್ವಾಮಿ, ದಿನಾ ನಿಮ್ಮ ಭಾಷಣ ಕೇಳಿ ಬೇರೆ ಗಿರಾಕಿಗಳೂ ಲೋಟ ಮೂಸಿ ನೋಡಕ್ಕೆ ಶುರು ಮಾಡಿದಾರೆ, ದಯವಿಟ್ಟು ಬೇರೆ ಕಡೆ ನೋಡಿ" ಎಂದು ಕೈಮುಗಿದರಂತೆ. ಇದನ್ನು ಭಾವ ತಮ್ಮ ಗೆಲುವೆಂಬಂತೆ ನನಗೆ ವರದಿ ಮಾಡಿದರು. ಮನೆಯ ಹಿತ್ತಾಳೆ ಫಿಲ್ಟರಿನಲ್ಲಿ ತಾವೇ ಪುಡಿ ಹಾಕಿ ನೀರು ಸುರಿಯಬಹುದೆಂಬ ಯೋಚನೆ ಅವರ ಹತ್ತಿರಕ್ಕೂ ಸುಳಿಯಲಿಲ್ಲ. ಅದು ಹೆಂಗಸರ ಸಾಮಾನು.

ಅಷ್ಟರಲ್ಲಿ ಮದುವೆಯೂ ಮುಗಿದು ಮಧುಶ್ರೀ ಮನೆಗೆ ಬಂದಳು. ಆಯುಧಪೂಜೆಯ ದಿನ ಕಂಪನಿಯಲ್ಲಿ ಚೀಟಿ ಎತ್ತಿದಾಗ ವಾಗೀಶನ ಹೆಸರಿಗೆ ಒಂದು ಕಾಫಿ ಮಷೀನು ಬಂತು. ಒಂದು ಸಲಕ್ಕೆ ಒಂದೇ ಲೋಟ ಕಾಫಿ ಇಳಿಸುವಂಥದ್ದು. ಹಿಂದೆ ನೀರಿನ ತೊಟ್ಟಿ, ಮೇಲೊಂದು ಮುಚ್ಚಳ, ಮುಂದೆ ದೊಡ್ಡ ಲೋಟಕ್ಕೊಂದು ಚಿಕ್ಕ ಲೋಟಕ್ಕೊಂದು ಗುಂಡಿ. ಪುಡಿ ತುಂಬಿ ಸೀಲ್ ಮಾಡಿದ ಪುಟ್ಟ ಡಬ್ಬಿಯನ್ನು ಒಳಗಿಟ್ಟು ಗುಂಡಿ ಒತ್ತಿದರೆ ಕರಿ ಕಾಫಿ ಇಳಿಯುತ್ತದೆ, ಹಾಲು ನಾವು ಬೆರೆಸಿಕೊಳ್ಳಬೇಕು. ಅಂಥ ಡಬ್ಬಿಗಳ ಒಂದು ಪೆಟ್ಟಿಗೆ ಪುಕ್ಕಟೆ ಬಂದಿತ್ತು.

ಭಾವ ಹತ್ತು ವರ್ಷ ಚಿಕ್ಕವರಾದರು. ಗುಂಡಿ ಒತ್ತುವುದು ಅಡಿಗೆ ಕೆಲಸವಲ್ಲ, ಆಫೀಸು ಕೆಲಸ. ಆ ಮಷೀನನ್ನು ಅಡಿಗೆಮನೆಯಲ್ಲಿಡಲು ಬಿಡದೆ ನಡುಮನೆಯಲ್ಲಿ ಟಿ.ವಿ. ಪಕ್ಕ ಇಡಿಸಿದರು. ಬಂದವರಿಗೆಲ್ಲ ಪ್ರದರ್ಶನ. ಅದರಿಂದ ಇಳಿದ ಕಾಫಿ ಹೇಗಿತ್ತು ಎಂದು ಕೇಳಿದರೆ, ಸುಮಾರಾಗಿತ್ತು. ಅದೇ ಕಾಫಿಯನ್ನು ಅಕ್ಕ ಮಾಡಿಕೊಟ್ಟಿದ್ದರೆ ಬೇಸಿನ್ನಿಗೆ ಹೋಗುತ್ತಿತ್ತು. ಆದರೆ ಗುಂಡಿ ಒತ್ತಿದ್ದು ತಾವಲ್ಲವೇ? ಕಣ್ಣು ಮುಚ್ಚಿ, "ಹದ ಅಂದ್ರೆ ಇದು" ಅನ್ನುತ್ತಿದ್ದರು.

ಡಬ್ಬಿಗಳು ಮುಗಿದವು. ಊರಿನ ಅಂಗಡಿಗಳಲ್ಲಿ ಆ ನಮೂನೆಯವು ಸಿಗಲಿಲ್ಲ. ತರಿಸಿಕೊಟ್ಟರಾಯಿತು ಎಂದು ವಾಗೀಶ ಅಂದರೆ, ಕಸದ ಬುಟ್ಟಿ ತುಂಬ ಬಿದ್ದಿದ್ದ ಹಳೆಯ ಡಬ್ಬಿಗಳನ್ನು ತೋರಿಸಿ ಮಧುಶ್ರೀ ಬೇಡವೆಂದಳು. "ಮಾವ, ದಿನಾ ಇಷ್ಟು ಕಸ ಹಾಕಿದ್ರೆ ಕಸದ ಗಾಡಿಯವರೇ ಬೈತಾರೆ. ಇದಕ್ಕೇ ಕೂರೋ ಸ್ಟೀಲಿನ ಜಾಲರಿ ಬರತ್ತೆ. ನಮಗೆ ಬೇಕಾದ ಪುಡಿ ಹಾಕ್ಕೊಂಡು, ತೊಳೆದು ಮತ್ತೆ ಮತ್ತೆ ಬಳಸಬಹುದು" ಎಂದು ತಾನೇ ತಂದುಕೊಟ್ಟಳು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಬಟ್ಟಲು, ಸುತ್ತ ಸಣ್ಣ ಸಣ್ಣ ಕಣ್ಣು, ಮೇಲೆ ಮುಚ್ಚಳ.

ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ. ಡಬ್ಬಿಯಲ್ಲಿ ಪುಡಿಯನ್ನು ಯಾರೋ ಅಳೆದು ತುಂಬಿರುತ್ತಾರೆ. ಜಾಲರಿಗೆ ನಾವೇ ತುಂಬಬೇಕು.

ಭಾವನ ಜೊತೆ ವಾಕಿಂಗ್ ಬರುತ್ತಿದ್ದ ಸದಾಶಿವಯ್ಯ ಎಂಬ ನಿವೃತ್ತ ಮೇಷ್ಟ್ರು ಒಬ್ಬರಿದ್ದರು. ಜಾಲರಿಯ ಮೊದಲ ಕಾಫಿಗೆ ಅವರನ್ನೇ ಭಾವ ಕರೆದಿದ್ದರು. ಪಾಪ, ಅವರು ಯಾರದೋ ಮುಂಜಿಗೆ ಹೊರಟವರು, ಜರಿ ಪಂಚೆ ಉಟ್ಟು ಬಂದಿದ್ದರು. ನಾನೂ ಅಂದು ಅಲ್ಲಿದ್ದೆ. ಭಾವ ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನು, ಚಿಕೋರಿ ಬೆರೆಸಿದ ನುಣ್ಣನೆಯ ಪುಡಿಯನ್ನು, ಜಾಲರಿಯ ಕಂಠಮಟ್ಟ ತುಂಬಿದರು. ಚಮಚದ ಹಿಡಿಯಿಂದ ಒತ್ತಿದರು. ಒತ್ತಿ ಜಾಗವಾದಲ್ಲಿ ಇನ್ನಷ್ಟು ತುಂಬಿದರು. ಮುಚ್ಚಳ ಕೂರಲಿಲ್ಲ. ಅಂಗೈಯಿಂದ ಗುದ್ದಿ ಕೂರಿಸಿ ಗುಂಡಿ ಒತ್ತಿದರು. ದೊಡ್ಡ ಗುಂಡಿಯನ್ನೇ. ದೊಡ್ಡದಿರುವಾಗ ಚಿಕ್ಕದನ್ನು ಒತ್ತುವುದು ಅವರ ಸ್ವಭಾವಕ್ಕೆ ಒಗ್ಗುವುದಿಲ್ಲ.

"ನೋಡ್ತಾ ಇರಿ ಸದಾಶಿವಯ್ಯ, ಫಿಲ್ಟರೂ ಬೇಡ, ಕಾಯೋದೂ ಬೇಡ."

ಮಷೀನು ನರಳಿತು. ಲೋಟಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಸದಾಶಿವಯ್ಯ ಏನಾಯಿತೆಂದು ಬಗ್ಗಿ ನೋಡಿದರು. ಆಗ ಮುಚ್ಚಳದ ಸಂದಿಯಿಂದ ಕರಿ ಗಸಿ ಚಿಮ್ಮಿತು. ಟಿ.ವಿ.ಯ ಮೇಲೆ, ಗೋಡೆಯ ಮೇಲೆ, ಜರಿ ಪಂಚೆಯ ಮೇಲೆ.

ಸದಾಶಿವಯ್ಯ ಎರಡು ಹೆಜ್ಜೆ ಹಿಂದೆ ಸರಿದು ಪಂಚೆ ಕೊಡವಿಕೊಂಡರು. "ಕೃಷ್ಣಸ್ವಾಮಿ, ನಾನು ಕಾಫಿ ಕುಡಿಯಕ್ಕೆ ಬಂದೆ ಕಣಯ್ಯ, ಸ್ನಾನಕ್ಕಲ್ಲ."

ಅಕ್ಕ ಹೂ ಕಟ್ಟುತ್ತಾ ಕೂತಿದ್ದವಳು ಎದ್ದು, ಬೀರುವಿನಿಂದ ಗಂಡನ ಒಂದು ಒಗೆದ ಪಂಚೆ ತಂದು ಸದಾಶಿವಯ್ಯನವರಿಗೆ ಕೊಟ್ಟಳು. ಮತ್ತೆ ಹೋಗಿ ಹೂ ಕಟ್ಟತೊಡಗಿದಳು. ನಗಲೂ ಇಲ್ಲ. ಆ ಕೆಲಸ ನಾನು ಮಾಡಿದೆ.

ತಪ್ಪು ಯಾರದು? ಮಷೀನಿನದು, ಜಾಲರಿಯದು, ಜಾಲರಿ ತಂದವಳದು, ಮಧ್ಯೆ ಬಗ್ಗಿ ನೋಡಿದ ಸದಾಶಿವಯ್ಯನದು. ಕೊನೆಗೆ ಪುಡಿಯದು ಎಂದು ತೀರ್ಮಾನವಾಗಿ ಭಾವ ಲಷ್ಕರ್ ಮೊಹಲ್ಲಾದ ಪುಟ್ಟಣ್ಣನ ಅಂಗಡಿಗೆ ಹೋದರು. ಪುಟ್ಟಣ್ಣ ಬೀಜ ಹುರಿದು ಪುಡಿ ಮಾಡಿಕೊಡುವ ಮನುಷ್ಯ. ಭಾವ ಅವನಿಗೆ ಅವನ ಕಸುಬನ್ನು ಮೊದಲಿನಿಂದ ವಿವರಿಸಿ, ಪುಡಿ ಯಾಕೆ ಇಷ್ಟು ನುಣ್ಣಗಿದೆ ಎಂದು ದಬಾಯಿಸಿದರಂತೆ.

"ನುಣ್ಣಗೈತೆ ಅಂತೀರಾ? ಬುಡಿ ಸ್ವಾಮಿ, ರವೆ ಇದ್ದಂಗೆ ಮಾಡ್ಕೊಡ್ತೀನಿ. ಆಮ್ಯಾಕೆ ಅದೂ ಸರಿ ಇಲ್ಲ ಅಂತ ಬಂದು ನಿಂತ್ಕೋಬ್ಯಾಡಿ" ಎಂದ ಪುಟ್ಟಣ್ಣ. ಅವನಿಗೆ ಈ ಮಷೀನಿನ ಗಂಧವೂ ಇರಲಿಲ್ಲ. ಎದುರಿಗೆ ನಿಂತ ಪೀಡೆ ತೊಲಗಿದರೆ ಸಾಕಿತ್ತು. ಉಪ್ಪಿಟ್ಟಿನ ರವೆಯಂಥ ಪುಡಿ ಮಾಡಿ ಕಟ್ಟಿಕೊಟ್ಟ.

ಅದರಿಂದ ಇಳಿದದ್ದು ಕಾಫಿಯ ನೆನಪಿದ್ದ ಬಿಸಿನೀರು. ಹಾಲು ಬೆರೆಸಿದರೆ ಬಣ್ಣವೂ ಬರಲಿಲ್ಲ. ಭಾವ ಅದನ್ನು ಕುಡಿದರು. ಯಾಕೆಂದರೆ ಚೆಲ್ಲಿದರೆ ಯಾರು ಮಾಡಿದ್ದನ್ನು ಚೆಲ್ಲಿದರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಸಮಯಕ್ಕೆ ನಮ್ಮ ಮನೆಗೆ ಸುಣ್ಣಬಣ್ಣ ಶುರುವಾಗಿ ನಾನು ಕೆಲವು ದಿನ ಅಕ್ಕನ ಮನೆಗೆ ಬಂದು ಉಳಿದೆ. ಹಾಗಾಗಿ ಮುಂದಿನದೆಲ್ಲ ಕಣ್ಣಾರೆ ಕಂಡದ್ದು. ಮಷೀನು ಟಿ.ವಿ. ಪಕ್ಕದಿಂದ ಗಡೀಪಾರಾಗಿ ಅಡಿಗೆಮನೆಯ ಕಟ್ಟೆಗೆ ಬಂದಿತ್ತು. ಬೆಳಗಾದರೆ ಭಾವ ಬನಿಯನ್ನಿನಲ್ಲಿ, ಹೆಗಲ ಮೇಲೆ ಟವಲು, ಮೂಗಿನ ತುದಿಗೆ ಕನ್ನಡಕ, ಅದರ ಎದುರು ನಿಲ್ಲುತ್ತಿದ್ದರು. ದಿನವೂ ಪುಡಿ, ಅಳತೆ, ಗುಂಡಿ, ನೀರು ಎಲ್ಲವನ್ನೂ ಒಟ್ಟಿಗೇ ಬದಲಾಯಿಸುತ್ತಿದ್ದರು. ದಿನವೂ ಕಾಫಿ ಹೊಸ ರೀತಿಯಲ್ಲಿ ಕೆಡುತ್ತಿತ್ತು.

ಲೆಕ್ಕದ ಟೀಚರಿಗೆ ಅದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ. "ಭಾವ, ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಾಯಿಸಿ. ಇಲ್ಲದಿದ್ರೆ ಯಾವುದರಿಂದ ಏನಾಯ್ತು ಅಂತ ಹೇಗೆ ಗೊತ್ತಾಗತ್ತೆ?" ಎಂದೆ.

"ಇದು ನಿನ್ನ ಬೀಜಗಣಿತ ಅಲ್ಲಮ್ಮ, ನಾಲಿಗೆ ವಿಷಯ" ಎಂದರು. ಮಾರನೆಯ ದಿನದಿಂದ ಒಂದೊಂದನ್ನೇ ಬದಲಾಯಿಸತೊಡಗಿದರು. ವಾರ ಕಳೆಯುವಷ್ಟರಲ್ಲಿ, "ನನ್ನದೊಂದು ಪದ್ಧತಿ ಇದೆ, ಒಂದು ಸಲಕ್ಕೆ ಒಂದೇ ಬದಲಾವಣೆ" ಎಂದು ನನಗೇ ಬೋಧಿಸಿದರು.

ಪದ್ಧತಿ ಯಾರದಾದರೇನು, ಫಲ ಕೊಟ್ಟಿತು. ಚಿಕೋರಿ ಹೆಚ್ಚಿದ್ದರೆ ಅಂಟಂಟಾಗಿ ಜಾಲರಿಯ ಕಣ್ಣು ಮುಚ್ಚುತ್ತದೆಂದು ತಿಳಿಯಿತು. ಪುಟ್ಟಣ್ಣನ ಹತ್ತಿರ ಮತ್ತೆ ಹೋಗಿ ಚಿಕೋರಿಯಿಲ್ಲದ, ಫಿಲ್ಟರ್ ಪುಡಿಗಿಂತ ಸ್ವಲ್ಪ ತರಿಯಾದ, ರವೆಗಿಂತ ನುಣುಪಾದ ಪುಡಿ ಮಾಡಿಸಿಕೊಂಡು ಬಂದರು. ಬಿಸಿನೀರು ಬಿದ್ದರೆ ಪುಡಿ ಉಬ್ಬುತ್ತದೆ, ಅದಕ್ಕೆ ಮೇಲೆ ಒಂದಿಷ್ಟು ಜಾಗ ಬಿಡಬೇಕೆಂದು ತಿಳಿಯಿತು. ಹಿತ್ತಾಳೆ ಫಿಲ್ಟರಿನಲ್ಲಿ ಒತ್ತುವ ಹಾಗೆ ಇಲ್ಲಿ ಒತ್ತಕೂಡದು, ಬಟ್ಟಲನ್ನು ಮೆಲ್ಲಗೆ ತಟ್ಟಿ ಸಮ ಮಾಡಿದರೆ ಸಾಕು. ಮೊದಲು ಪುಡಿಯಿಲ್ಲದೆ ಒಮ್ಮೆ ಬರೀ ಬಿಸಿನೀರು ಇಳಿಸಿದರೆ ಮಷೀನೂ ಲೋಟವೂ ಬೆಚ್ಚಗಾಗಿ ಕಾಫಿ ಆರುವುದಿಲ್ಲ. ಎಲ್ಲಕ್ಕಿಂತ ತಡವಾಗಿ ಅವರಿಗೆ ಹೊಳೆದದ್ದು ಚಿಕ್ಕ ಗುಂಡಿ. ಅಷ್ಟೇ ಪುಡಿಯ ಮೇಲೆ ಕಡಿಮೆ ನೀರು ಹರಿದರೆ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ, ಹಾಲನ್ನು ತಡೆದುಕೊಳ್ಳುತ್ತದೆ. ಇದನ್ನು ಕಂಡುಹಿಡಿದ ದಿನ ಅವರು ಅಡಿಗೆಮನೆಯಿಂದ ಹೊರಗೆ ಬಂದ ಗತ್ತು ನೋಡಬೇಕಿತ್ತು. ಚಿಕ್ಕ ಮಕ್ಕಳೂ ಒತ್ತಿ ನೋಡುವ ಗುಂಡಿ ಅದು.

ಆಮೇಲೆ ಒಂದು ದಿನ ಎಲ್ಲ ಸರಿಯಿದ್ದೂ ಕಾಫಿ ಕಮಟು ಹೊಡೆಯಿತು. ಜಾಲರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಅರ್ಧ ಕಣ್ಣು ಮುಚ್ಚಿಹೋಗಿತ್ತು. ಬರೀ ನೀರಿನಲ್ಲಿ ಅಲ್ಲಾಡಿಸಿ ಇಡುತ್ತಿದ್ದರು, ಕಾಫಿಯ ಎಣ್ಣೆ ಜಿಡ್ಡುಗಟ್ಟಿತ್ತು. ಸೋಡಾಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾ ನಿಂತರು. ಆ ಮನೆಯಲ್ಲಿ ಅವರು ಒಂದು ಪಾತ್ರೆ ತೊಳೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೇಗೆ ಉಜ್ಜುತ್ತಿದ್ದರೆಂದರೆ, ಬಟ್ಟಲು ಮಗುವಿನ ಹಲ್ಲೇ ಆಗಿದ್ದರೆ ಅದು ಅಳುತ್ತಿತ್ತು.

ಇಷ್ಟಾದ ಮೇಲೆ ಎರಡು ದಿನ ಒಳ್ಳೆಯ ಕಾಫಿ ಇಳಿಯಿತು. ಮೂರನೆಯ ದಿನ ಮತ್ತೆ ಸಪ್ಪೆ.

ಭಾವ ಲೋಟ ಹಿಡಿದು ನಡುಮನೆಗೆ ಬಂದರು. ಅಕ್ಕ ವಾಕಿಂಗ್ ಮುಗಿಸಿ ಬಂದು ಪೇಪರು ಓದುತ್ತಿದ್ದಳು. ಈಗೀಗ ಪೇಪರು ಮೊದಲು ಅವಳ ಕೈಗೇ ಸಿಗುತ್ತಿತ್ತು.

"ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದೀನಿ. ಅದೇ ಪುಡಿ, ಅದೇ ಅಳತೆ. ಯಾಕೆ ಬೇರೆ ಆಯ್ತು?" ಅವರ ದನಿಯಲ್ಲಿ ಸಿಟ್ಟಿಗಿಂತ ಅನ್ಯಾಯಕ್ಕೊಳಗಾದವನ ಸಂಕಟವಿತ್ತು.

"ಬೇರೆ ಆಗತ್ತೆ" ಎಂದಳು ಅಕ್ಕ, ಪುಟ ತಿರುಗಿಸುತ್ತಾ.

"ಯಾಕೆ ಅಂತ?"

"ಎಷ್ಟೋ ಇರತ್ತೆ."

"ನೀನು ಏನು ಮಾಡ್ತಿದ್ದೆ, ಹೀಗಾದ್ರೆ?"

ಅಕ್ಕ ಪೇಪರಿನಿಂದ ತಲೆ ಎತ್ತಿದಳು. ಹೇಳುತ್ತಾಳೆ ಎಂದುಕೊಂಡೆ ನಾನು. ಭಾವನೂ ಕನ್ನಡಕ ಸರಿಮಾಡಿಕೊಂಡು ಕಾದರು.

"ಮರೆತುಬಿಟ್ಟೆ ಕಣ್ರೀ" ಎಂದಳು. "ಬೆಳಿಗ್ಗೆ ಎದ್ದ ತಕ್ಷಣ ಎದೆ ಡವಡವ ಅನ್ನೋದು, ಇವತ್ತು ಏನಂತಾರೋ ಅಂತ. ಹಾಲು ಉಕ್ಕೋದನ್ನ ನೋಡ್ಕೊಂಡು ನಿಂತಿರುವಾಗ ಕೈ ಬೆವರೋದು. ಅದನ್ನೆಲ್ಲ ಮರೆಯೋವಾಗ ಕಾಫಿ ಹೇಗೆ ಮಾಡ್ತಿದ್ದೆ ಅನ್ನೋದೂ ಹೊರಟೋಯ್ತು. ಎಷ್ಟು ಹಾಯಾಗಿದೀನಿ ಗೊತ್ತಾ?"

ಭಾವ ನಿಂತಲ್ಲೇ ಲೋಟದ ಕಾಫಿಯನ್ನು ಅಷ್ಟಷ್ಟೇ ಕುಡಿದು ಮುಗಿಸಿ, ಲೋಟ ತೊಳೆಯಲು ಒಳಗೆ ಹೋದರು. ನೀರು ಬಿಡುವ ಸದ್ದು ಬಹಳ ಹೊತ್ತು ಕೇಳಿಸಿತು. ಒಂದು ಲೋಟಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಆ ದಿನ ಮಷೀನಿನ ತೊಟ್ಟಿಯಲ್ಲಿದ್ದದ್ದು ಬೋರ್‌ವೆಲ್ಲಿನ ಗಡಸು ನೀರು, ನಲ್ಲಿಯಲ್ಲಿ ಕಾವೇರಿ ನೀರು ಬಂದಿರಲಿಲ್ಲ ಎಂಬುದನ್ನು ಅವರೇ ಆಮೇಲೆ ಪತ್ತೆ ಮಾಡಿದರು. ಮೊದಲಾಗಿದ್ದರೆ ಇದನ್ನು ಬೀದಿಗೆಲ್ಲ ಸಾರುತ್ತಿದ್ದರು. ಈ ಸಲ ಸುಮ್ಮನೆ ಒಂದು ಬಿಂದಿಗೆ ತಂದು ಕಾವೇರಿ ನೀರು ಹಿಡಿದಿಟ್ಟರು. ನಿಂಬೆರಸದ ನೀರು ಹಾಯಿಸಿ ಮಷೀನಿನ ಒಳಗೆ ಕಟ್ಟಿದ್ದ ಸುಣ್ಣ ತೆಗೆದರು.

ಸಂಕ್ರಾಂತಿಗೆ ಮಧುಶ್ರೀಯ ಅಪ್ಪ ಅಮ್ಮ ಬಂದರು. ತಿಂಡಿ ಅಕ್ಕನದು, ಕಾಫಿ ತಮ್ಮದೆಂದು ಭಾವ ಘೋಷಿಸಿದರು. ನನ್ನನ್ನೂ ಸೇರಿಸಿ ಮನೆಯಲ್ಲಿ ಏಳು ಜನ. ಮಷೀನು ಒಂದು ಸಲಕ್ಕೆ ಇಳಿಸುವುದು ಒಂದು ಲೋಟ. ಒಂದೊಂದು ಲೋಟವಾದ ಮೇಲೂ ಬಿಸಿ ಬಟ್ಟಲನ್ನು ಟವಲಿನಿಂದ ಹಿಡಿದು ಗಸಿ ಕೊಡವಿ, ತೊಳೆದು, ಮತ್ತೆ ತುಂಬಬೇಕು. ಬೀಗರನ್ನು ಕರೆಯುವ ಮೊದಲು ಇದನ್ನು ಯೋಚಿಸಿರಲಿಲ್ಲ, ಮಹಾನುಭಾವರು. ಬೀಗರು ಬಂದು ಮಾತಾಡಿ ಹೊರಡುವ ಹೊತ್ತಾದರೂ ಭಾವ ಅಡಿಗೆಮನೆ ಬಿಟ್ಟು ಬರಲಾಗಲಿಲ್ಲ. ಮೊದಲು ಕುಡಿದವರಿಗೆ ಇನ್ನೊಮ್ಮೆ ಹಸಿವಾಗುವ ವೇಳೆಗೆ ಕೊನೆಯ ಲೋಟ ಬಂತು. ಅದನ್ನು ತಂದು ಅಕ್ಕನ ಮುಂದೆ ಇಟ್ಟರು. ಬನಿಯನ್ನು ಬೆವರಿನಿಂದ ಒದ್ದೆಯಾಗಿ, ಬೆರಳಿಗೆ ಸುಟ್ಟ ಗಾಯವಾಗಿತ್ತು.

ನಿಂತುಕೊಂಡೇ, ಬೀಗರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡರು. ಕಚೇರಿಯ ಸುತ್ತೋಲೆ ಓದುವ ದನಿಯಲ್ಲಿ, "ಅವತ್ತು ನೀವು ಮೊದಲ ಸಲ ಬಂದಿದ್ರಲ್ಲ, ಆ ಕಾಫಿಯಲ್ಲಿ ದೋಷ ಏನೂ ಇರಲಿಲ್ಲ. ಚೆನ್ನಾಗಿತ್ತು. ಚೆಲ್ಲಿದ್ದು ನನ್ನ ತಪ್ಪು" ಎಂದರು.

ಹುಡುಗಿಯ ಅಮ್ಮ ಮತ್ತೆ ಸೆರಗು ಸರಿಮಾಡಿಕೊಂಡರು.

"ಗೊತ್ತು" ಎಂದಳು ಅಕ್ಕ. "ಅವತ್ತು ಒಳಗೆ ಹೋಗಿ ನಾನೂ ಕುಡಿದೆನಲ್ಲ." ಮುಂದಿದ್ದ ಲೋಟವನ್ನು ಎತ್ತಿ ಕುಡಿದಳು. ಇಷ್ಟು ತಿಂಗಳ ಮೇಲೆ ಅವಳು ಕುಡಿದ ಮೊದಲ ಕಾಫಿ. ಭಾವ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು. ಅಷ್ಟು ಪುಕ್ಕಲಾಗಿ ಅವರು ನಿಂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಬೆರಳಿಗೆ ತುಪ್ಪ ಗಿಪ್ಪ ಹಚ್ಚಬೇಡಿ, ತಣ್ಣೀರಲ್ಲಿ ಹಿಡಿದು ಕೂತ್ಕೊಳ್ಳಿ" ಎಂದಳು. ಕಾಫಿಯ ಬಗ್ಗೆ ಏನೂ ಅನ್ನಲಿಲ್ಲ. ಲೋಟವನ್ನು ಮಾತ್ರ ಪೂರ್ತಿ ಖಾಲಿ ಮಾಡಿದಳು.

ಇದಾದ ಮೇಲೆ ಅಕ್ಕ ಮತ್ತೆ ಕಾಫಿ ಮಾಡಲು ನಿಂತಳೆಂದು ಯಾರಾದರೂ ತಿಳಿದರೆ ಅವರು ನಮ್ಮಕ್ಕನನ್ನು ಅರಿಯರು. ಅವಳು ಬೆಳಿಗ್ಗೆ ಸುಂದರಮ್ಮನವರ ಜೊತೆ ಹೊರಟುಬಿಡುತ್ತಾಳೆ. ಬಂದ ಮೇಲೆ ಮನಸ್ಸಾದರೆ ಶುಂಠಿ ಟೀ, ಗಂಡ ಇಳಿಸಿಟ್ಟಿದ್ದರೆ ಕಾಫಿ. ಭಾವನ ಕ್ಷಮಾಪಣೆಯನ್ನು ಅವಳು ತೆಗೆದುಕೊಂಡಳು. ತನ್ನ ಬೆಳಗುಗಳನ್ನು ವಾಪಸು ಕೊಡಲಿಲ್ಲ.

ಭಾವ ಸಾಧುವಾದರೆಂದೂ ತಿಳಿಯಬೇಡಿ. ಹೆಂಡತಿಯ ಕೈ ತಪ್ಪಿತು, ಊರಿನ ಕಿವಿ ಸಿಕ್ಕಿತು. ಈಗ ಅವರು ಜಾಲರಿ ಪಂಡಿತರು. ಪಾರ್ಕಿನಲ್ಲಿ ಸಿಕ್ಕವರನ್ನು ನಿಲ್ಲಿಸಿ ಪುಡಿ ಎಷ್ಟು ತರಿಯಿರಬೇಕು, ಬಟ್ಟಲನ್ನು ಎಷ್ಟು ತುಂಬಬೇಕು, ಯಾಕೆ ಒತ್ತಬಾರದು ಎಂದು ಉಪನ್ಯಾಸ ಕೊಡುತ್ತಾರೆ. ಕೇಳುವವರಲ್ಲಿ ಯಾರ ಮನೆಯಲ್ಲೂ ಆ ಮಷೀನಿಲ್ಲ. ಸದಾಶಿವಯ್ಯ ವಾಕಿಂಗ್ ದಾರಿಯನ್ನೇ ಬದಲಾಯಿಸಿದ್ದಾರೆ. ಪುಟ್ಟಣ್ಣ ಭಾವನನ್ನು ದೂರದಿಂದ ಕಂಡರೆ ಬೀಜ ಪುಡಿ ಮಾಡುವ ಮಷೀನು ಜೋರಾಗಿ ತಿರುಗಿಸಿ, ಏನೂ ಕೇಳಿಸದವನಂತೆ ನಿಲ್ಲುತ್ತಾನಂತೆ.

ಮೊನ್ನೆ ನಾನು ಹೋಗಿದ್ದೆ. ಭಾವ ಬಟ್ಟಲು ತಟ್ಟಿ, ಬಿಸಿನೀರು ಹಾಯಿಸಿ, ಚಿಕ್ಕ ಗುಂಡಿ ಒತ್ತಿ, ಹಾಲು ಬೆರೆಸಿ ತಂದುಕೊಟ್ಟರು. ಕುಡಿದೆ. ಕಾಫಿ ನಿಜವಾಗಿ ಚೆನ್ನಾಗಿತ್ತು. ಅವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಹೇಗಿದೆ? ಯಾಕೆ ಹೀಗೆ ಬಂದಿದೆ ಗೊತ್ತಾ?" ಎಂದು ಶುರುಮಾಡುವಷ್ಟರಲ್ಲಿ ಅಕ್ಕ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರದಿಂದ ಕೂಗಿದಳು. ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ ತರಬೇಕಿತ್ತು. ನಾನು ಲೋಟ ಕೆಳಗಿಟ್ಟು ಓಡಿದೆ.